ಎರಡನೆಯ ಪ್ಯಾಚು

ಮೋರಿಯ ಹತ್ತಿರ ಬೈಕಿನ ಮುಂದಿನ ಚಕ್ರ ಅತ್ತಿತ್ತ ತೂಗಾಡಿದಾಗಲೇ ಭೂಮಿಕಾಗೆ ಗೊತ್ತಾಯಿತು. ಇಳಿದು ನೋಡಿದಳು. ಟೈರು ನೆಲಕ್ಕೆ ಅಂಟಿಕೊಂಡಿತ್ತು. ಗಂಟೆ ಎರಡೂಕಾಲು, ಶಿರಸಿಗೆ ಇನ್ನೂ ಇಪ್ಪತ್ತೆರಡು ಕಿಲೋಮೀಟರ್. ರಕ್ತದ ಮಾದರಿಗಳನ್ನು ಒಯ್ಯುವ ಗಾಡಿ ನಾಲ್ಕಕ್ಕೆ ಸರಿಯಾಗಿ ಆಸ್ಪತ್ರೆಯಿಂದ ಹೊರಡುತ್ತದೆ. ತಪ್ಪಿದರೆ ಮತ್ತೆ ಸೋಮವಾರ.

ಹಿಂದಿನ ಸೀಟಿಗೆ ಕಟ್ಟಿದ ನೀಲಿ ಐಸ್ ಡಬ್ಬಿಯಲ್ಲಿದ್ದುದು ಸುಬ್ಬಿಯ ರಕ್ತ. ಸೊಪ್ಪು ತರಲು ಕಾಡಿಗೆ ಹೋಗಿ ಬಂದವಳಿಗೆ ನಾಲ್ಕು ದಿನದಿಂದ ಜ್ವರ. ಮಂಗನ ಕಾಯಿಲೆ ಇರಬಹುದೆಂದು ಕೇಳಿದ್ದೇ ತಡ, ಊರಿನ ಜೀಪಿನವನು ಅವಳನ್ನು ಕೂರಿಸಿಕೊಳ್ಳಲು ಒಪ್ಪಲಿಲ್ಲ. ಅವಳ ಗಂಡ ಕೆರಿಯ ಎರಡು ಸಲ ಹೋಗಿ ಕೈಮುಗಿದು ಬಂದಿದ್ದ. ಅದಕ್ಕೇ ಆರೋಗ್ಯ ಇಲಾಖೆಯಲ್ಲಿ ಗುತ್ತಿಗೆ ಕೆಲಸದ ಭೂಮಿಕಾ ತಾನೇ ಅವರ ಮನೆಯವರೆಗೆ ಹೋಗಿ ರಕ್ತ ತೆಗೆದುಕೊಂಡು ಬಂದಿದ್ದಳು. ಜೀಪಿನವನ ಮೇಲಿನ ಸಿಟ್ಟು ಬೆಳಗಿನಿಂದ ಅವಳ ಹಲ್ಲಿನ ಸಂದಿಯಲ್ಲೇ ಇತ್ತು.

ಬೈಕಿಗೆ ದೊಡ್ಡ ಸ್ಟ್ಯಾಂಡ್ ಹಾಕಿ, ಬದಿಯ ಪೆಟ್ಟಿಗೆಯಿಂದ ರೆಕ್ಸಿನ್ ಸುರುಳಿ ತೆಗೆದು ನೆಲದ ಮೇಲೆ ಬಿಚ್ಚಿದಳು. ಎರಡು ಲಿವರ್, ಉಪ್ಪುಕಾಗದ, ಸೊಲ್ಯೂಷನ್ ಟ್ಯೂಬು, ಕಾಲಲ್ಲಿ ಒತ್ತುವ ಪಂಪು. ಪ್ಯಾಚು ಎರಡೇ ಉಳಿದಿದ್ದವು. ಶಿರಸಿಯ ನೂರ್ ಅಹ್ಮದರ ಪಂಕ್ಚರ್ ಅಂಗಡಿಯಲ್ಲಿ ಮೂರು ಭಾನುವಾರ ನಿಂತು ಕಲಿತ ಕೆಲಸ ಇದು. ಅವರು ಒಂದು ಮಾತನ್ನು ಮತ್ತೆ ಮತ್ತೆ ಹೇಳಿದ್ದರು: "ಟೈರ್ ಎಬ್ಬಿಸ್ಲಿಕ್ಕೆ ಲಿವರ್, ಕೂರಿಸ್ಲಿಕ್ಕೆ ಕೈ. ಕೊನೇ ಗೇಣಿಗೆ ಲಿವರ್ ಹಾಕಿದ್ರೆ ಟ್ಯೂಬನ್ನ ಕಚ್ಚಿಬಿಡ್ತದೆ ಬೇಟಿ."

ಮೋರಿಕಟ್ಟೆಯ ಮೇಲೆ ಇಬ್ಬರು ಕೂತಿದ್ದರು. ಒಬ್ಬ ಸುಭಾಷ, ಊರಿನ ಡೇರಿಯಲ್ಲಿ ಹಾಲು ಅಳೆಯುವವನು. ಇನ್ನೊಬ್ಬ ದಿನಕರ, ಅವನಿಗೆ ಆ ಹೊತ್ತಿನಲ್ಲಿ ಯಾವ ಕೆಲಸವೂ ಇದ್ದಂತಿರಲಿಲ್ಲ.

"ಎಂತ ಆಯ್ತೆ ತಂಗಿ, ಗಾಳಿ ಹೋತಾ?" ಎಂದ ಸುಭಾಷ.

"ಹೋತು. ನಾನೇ ಮಾಡ್ಕಳ್ತೆ."

"ಮಾಡ್ಕಳ್ತದಂತೆ ನೋಡು," ದಿನಕರ ನಕ್ಕ. "ಡಬ್ಬಿಲಿ ಎಂತ, ಐಸ್ ಕ್ಯಾಂಡಿಯ? ಕರಗೂದ್ರೊಳಗೆ ನಮಗೂ ಒಂದೊಂದು ಕೊಡು ಮಾರಾಯ್ತಿ."

ಅವಳು ಟೈರಿನ ಒಂದು ಬದಿ ಎಬ್ಬಿಸಿ ಟ್ಯೂಬು ಹೊರಗೆಳೆದಳು. ಗಾಳಿ ತುಂಬಿ, ಕೆನ್ನೆಯ ಹತ್ತಿರ ಹಿಡಿದು ತೂತು ಹುಡುಕಿದಳು. ಟೈರಿಗೆ ಚುಚ್ಚಿದ್ದ ಮೊಳೆಯನ್ನು ಕಿತ್ತಳು. ಟ್ಯೂಬನ್ನು ಉಜ್ಜಿ ಸೊಲ್ಯೂಷನ್ ಹಚ್ಚಿ, ಒಣಗಲೆಂದು ಕಾದಳು. ಇಬ್ಬರೂ ಎದ್ದು ಬಂದು ಅವಳ ತಲೆಯ ಮೇಲೆಯೇ ನಿಂತರು.

"ಹಚ್ಚು, ಹಚ್ಚು, ಎಂತಕ್ಕೆ ಕಾಯ್ತೆ?" ಎಂದ ಸುಭಾಷ.

"ಒಣಗ್ಬೇಕು ಅಣ್ಣ."

"ನಮಗೆ ಗೊತ್ತಿಲ್ದ? ಇಪ್ಪತ್ತು ವರ್ಷದಿಂದ ಬೈಕು ಹೊಡೀತೆ ನಾನು."

ಪ್ಯಾಚು ಚೆನ್ನಾಗಿಯೇ ಕೂತಿತು. ಟ್ಯೂಬನ್ನು ಒಳಗೆ ತುಂಬಿ ಟೈರನ್ನು ಕೈಯಿಂದ ಒತ್ತುತ್ತ ಬಂದಳು. ಕೊನೆಯ ಗೇಣು ಗಟ್ಟಿಯಾಗಿತ್ತು. ಹೆಬ್ಬೆರಳು ನೋಯುತ್ತಿತ್ತು.

"ಬಿಡು, ಹೆಣ್ಮಕ್ಕಳ ಕೈಯಲ್ಲಿ ಆಗೂದಲ್ಲ ಅದು." ಸುಭಾಷ ಬಾಗಿ ಲಿವರ್ ಎತ್ತಿಕೊಂಡ. ಅವಳನ್ನು ಭುಜದಿಂದ ಸರಿಸಿದಂತೆ ಮಾಡಿ ಕೂತೇಬಿಟ್ಟ.

ಆಗ ಅವಳು 'ಬೇಡ' ಎನ್ನಬೇಕಿತ್ತು. ಲಿವರ್ ಕಿತ್ತುಕೊಳ್ಳಬೇಕಿತ್ತು. ನಾಳೆ ಮತ್ತೆ ಇದೇ ಊರಿಗೆ ಬರಬೇಕಾದವಳು ತಾನು, ಅವನು ದೊಡ್ಡವನು, ಸಹಾಯಕ್ಕೆಂದೇ ಬಂದವನು — ಇಷ್ಟೆಲ್ಲ ಒಂದೇ ಸಲ ತಲೆಗೆ ಬಂತು, ಅವಳು ಸರಿದು ಜಾಗ ಬಿಟ್ಟಳು. ಲಿವರ್ ಒಳಹೊಕ್ಕಿತು. ಟೈರು ಟಪ್ಪನೆ ಕೂತಿತು.

"ನೋಡಿದ್ಯಾ?" ಎಂದು ಅವನು ಕೈ ಕೊಡವಿದ.

ಪಂಪು ಒತ್ತಿದಳು. ಚಕ್ರ ಉಬ್ಬಲಿಲ್ಲ. ಇನ್ನಷ್ಟು ಒತ್ತಿದಾಗ ವಾಲ್ವಿನ ಪಕ್ಕದಿಂದ ಸಣ್ಣಗೆ ಸುಯ್ ಎಂದಿತು. ಗಂಟೆ ಎರಡೂಮುಕ್ಕಾಲು.

"ನಿನ್ನ ಪ್ಯಾಚೇ ಸರಿ ಕೂತಿಲ್ಲೆ," ಎಂದ ಸುಭಾಷ.

"ಅಪ್ಪನಿಗೋ ಅಣ್ಣನಿಗೋ ಫೋನ್ ಮಾಡು, ಬಂದು ಕರ್ಕಂಡು ಹೋಗ್ಲಿ," ಎಂದ ದಿನಕರ.

ಅವಳು ಮತ್ತೆ ಟೈರು ಎಬ್ಬಿಸಿದಳು. ಟ್ಯೂಬಿನಲ್ಲಿ ಲಿವರ್ ಕಚ್ಚಿದ ಗುರುತು ಬೆಳ್ಳಗೆ ಕಾಣುತ್ತಿತ್ತು. ಉಳಿದ ಒಂದೇ ಪ್ಯಾಚನ್ನು ಕೈಗೆತ್ತಿಕೊಂಡಳು. ಸುಭಾಷ ಮತ್ತೆ ಲಿವರಿನತ್ತ ಬಾಗಿದ.

"ಡಬ್ಬಿಲಿ ಎಂತ ಅಂತ ಕೇಳಿದ್ರಲ್ಲ," ಅವಳು ತಲೆ ಎತ್ತದೆಯೇ ಹೇಳಿದಳು. "ರಕ್ತ. ಮಂಗನ ಕಾಯಿಲೆಯ ಪರೀಕ್ಷೆಗೆ."

ಚಾಚಿದ ಕೈ ಹಾಗೆಯೇ ಹಿಂದೆ ಹೋಯಿತು. ದಿನಕರನ ಚಪ್ಪಲಿ ಜಲ್ಲಿಯ ಮೇಲೆ ಕರಕರ ಎಂದದ್ದು ಕೇಳಿತು. ಇಬ್ಬರೂ ರಸ್ತೆಯ ಆಚೆ ಬದಿಗೆ ಹೋಗಿ ನಿಂತರು. ಸುಭಾಷ ಅಂಗೈಯನ್ನು ಪಂಚೆಗೆ ಉಜ್ಜಿದ, ಮೂಸಿ ನೋಡಿದ, ಮತ್ತೆ ಉಜ್ಜಿದ.

ಅದರ ಮುಂದಿನ ವಾಕ್ಯ ಅವಳಿಗೆ ಬಾಯಿಪಾಠವಿತ್ತು. ಕಾಡಿನ ಉಣುಗು ಕಚ್ಚಿ ಬರುವ ಜ್ವರ ಇದು, ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ. ಆ ವಾರವೊಂದರಲ್ಲೇ ನಲವತ್ತು ಮನೆಗಳ ಜಗುಲಿಯಲ್ಲಿ ಕೂತು ಹೇಳಿದ್ದಳು. ಈಗ ಹೇಳಲಿಲ್ಲ. ತಲೆಯ ಮೇಲಿನ ನೆರಳು ಸರಿದು ಕೈಯ ಮೇಲೆ ಬೆಳಕು ಬಿದ್ದಿತ್ತು. ಉಜ್ಜಿದಳು, ಹಚ್ಚಿದಳು, ಒಣಗಲು ಬಿಟ್ಟಳು. ಯಾರೂ ಅವಸರ ಮಾಡಲಿಲ್ಲ. ಇಂಥ ನೆಮ್ಮದಿಯಲ್ಲಿ ಅವಳು ಎಂದೂ ಟೈರು ಕೂರಿಸಿರಲಿಲ್ಲ. ಕೊನೆಯ ಗೇಣನ್ನೂ ಹೆಬ್ಬೆರಳಲ್ಲೇ ಒತ್ತಿದಳು.

ಮೂರೂಕಾಲಿಗೆ ಬೈಕು ಶುರುವಾದಾಗ ಸುಭಾಷ ಅಲ್ಲಿಂದಲೇ ಕೂಗಿ ಕೇಳಿದ, "ಕೆರಿಯನ ಮನೇದಾ? ಆ ದಾರಿಲಿ ಇರೂದು ಅವರದ್ದೇ ಮನೆ."

ಆಗ ಹೇಳಿದಳು. "ಯಾರದ್ದಾದ್ರೂ ಆಗ್ಲಿ. ಮನುಷ್ಯರಿಂದ ಹರಡೂದಲ್ಲ ಅದು."

"ಹೌದೌದು," ಎಂದ ದಿನಕರ. "ನಿಮಗೆ ಹಾಗೆ ಹೇಳೂಕೆ ಸಂಬಳ ಕೊಡ್ತ್ರು."

ಇಳಿದು ತಿಳಿಸಿ ಹೇಳಲು ಹೊತ್ತಿರಲಿಲ್ಲ. ಹೊತ್ತಿದ್ದಾಗ ಬಾಯಿ ಬಿಟ್ಟಿರಲಿಲ್ಲ.

ಆಸ್ಪತ್ರೆ ತಲುಪಿದಾಗ ನಾಲ್ಕಕ್ಕೆ ಮೂರು ನಿಮಿಷವಿತ್ತು. ಸುಬ್ಬಿಯ ರಕ್ತ ಗಾಡಿ ಹತ್ತಿತು. ಅವಳು ಹೊರಗೆ ಬಂದು ನಲ್ಲಿಯಲ್ಲಿ ಕೈ ತೊಳೆದಳು. ಸೊಲ್ಯೂಷನ್ನಿನ ಅಂಟು ಬಿಡಲಿಲ್ಲ. ಐದು ಗಂಟೆಯ ಹೊತ್ತಿಗೆ ಕೆರಿಯನ ಫೋನ್ ಬಂತು.

"ಅಕ್ಕೋರೇ, ಡೇರಿಲಿ ನಮ್ಮ ಹಾಲು ತಕಳ್ಳಲಿಲ್ಲ." ಅವನ ದನಿಯಲ್ಲಿ ಸಿಟ್ಟೇ ಇರಲಿಲ್ಲ. ಅದೇ ಅವಳಿಗೆ ತಡೆಯಲಾರದ್ದಾಯಿತು. "ಸುಭಾಷಣ್ಣ ಬಾಗ್ಲಲ್ಲೇ ನಿಲ್ಸಿದ್ರು. ಮಂಗನ ಕಾಯಿಲೆ ಅಂತ ನಿಮ್ಮ ಅಕ್ಕೋರೇ ಹೇಳಿದ್ದು ಅಂದ್ರು. ನೀವು ಹರಡೂದಿಲ್ಲ ಅಂತ ಹೇಳಿದ್ರಲ್ಲ, ಅದಕ್ಕೆ ಕೇಳ್ವ ಅಂತ."

ಜೀಪಿನವನ ಮುಖ ನೆನಪಿಗೆ ತಂದುಕೊಳ್ಳಲು ನೋಡಿದಳು. ಬೆಳಗಿನಿಂದ ಇಟ್ಟುಕೊಂಡಿದ್ದ ಸಿಟ್ಟನ್ನು ಅವನ ಮೇಲೋ ಸುಭಾಷನ ಮೇಲೋ ಹಾಕಲು ಆಗಲಿಲ್ಲ. ಆ ಮೋರಿಯ ಹತ್ತಿರ, ಅರ್ಧ ಗಂಟೆಯ ನೆಮ್ಮದಿಗಾಗಿ ಒಂದು ವಾಕ್ಯವನ್ನು ನುಂಗಿಕೊಂಡವಳು ತಾನು.

"ಹಾಲು ಎಲ್ಲಿದೆ ಈಗ?"

"ಕ್ಯಾನಲ್ಲೇ ಇದ್ದು."

"ಚೆಲ್ಲಬೇಡ. ಡೇರಿ ಬಾಗ್ಲಲ್ಲೇ ಒಲೆ ಹೂಡಿ ಕಾಸು. ನಾನು ಬರ್ತೆ. ಅವರೆಲ್ಲರ ಎದುರಿಗೆ ಕೂತು ಕುಡೀತೆ."

"ಈಗ್ಲಾ ಅಕ್ಕೋರೇ?"

"ಈಗ್ಲೇ. ಸುಭಾಷಣ್ಣನಿಗೂ ನಿಲ್ಲೂಕೆ ಹೇಳು."

ಹೋಗುವ ದಾರಿಯಲ್ಲಿ ನೂರ್ ಅಹ್ಮದರ ಅಂಗಡಿಯ ಮುಂದೆ ನಿಲ್ಲಿಸಿ, ಇಳಿಯದೆಯೇ ಪ್ಯಾಚು ಕೇಳಿದಳು. ಅವರು ಎರಡು ತೆಗೆದರು. ಅವಳ ಮುಖ ನೋಡಿ, ಏನನ್ನೂ ಕೇಳದೆ, ಮತ್ತೆರಡು ಸೇರಿಸಿದರು.