ದೊಡ್ಡಪ್ಪ ಹೇಳಿ ಬರೆಸಿದ ಷರತ್ತು

ನಾನು ಬರೆದ ಮೊದಲ ಪ್ರೋಗ್ರಾಂ ಇವತ್ತು ಯಾರಿಗಾದರೂ ತೋರಿಸಿದರೆ ನಗುತ್ತಾರೆ. ನಗಲಿ ಬಿಡಿ, ಅವರು ಬರೆದದ್ದನ್ನು ನಾನೂ ನೋಡಿದ್ದೇನೆ. ನನ್ನದು ಪೈಥಾನ್‌ನಲ್ಲಿ ಬರೆದದ್ದು. ಬಣ್ಣವಿಲ್ಲ, ಚಿತ್ರವಿಲ್ಲ, ಒತ್ತಲು ಒಂದು ಗುಂಡಿಯೂ ಇಲ್ಲ. ಕಪ್ಪು ಪರದೆಯ ಮೇಲೆ ಒಂದು ಪ್ರಶ್ನೆ ಕೇಳಿ ಉತ್ತರಕ್ಕೆ ಕಾಯುತ್ತಿತ್ತು, ಉತ್ತರ ಬಂದ ಮೇಲೆ ಇನ್ನೊಂದು ಕೇಳುತ್ತಿತ್ತು. ಅದರಲ್ಲಿ ಲೆಕ್ಕ ಮಾಡುವ ಸಾಲುಗಳು ಆರೋ ಏಳೋ ಇದ್ದವು. ಉಳಿದ ಅರವತ್ತು ಸಾಲುಗಳಿದ್ದದ್ದು ದೊಡ್ಡಪ್ಪ ಟೈಪ್ ಮಾಡಿದ್ದನ್ನು ನಂಬಬೇಕೋ ಬೇಡವೋ ಎಂದು ತೀರ್ಮಾನಿಸುವುದಕ್ಕೆ.

ನಮ್ಮದು ಕನ್ನಡಕದ ಗಾಜು ಉಜ್ಜುವ ಮನೆ. ಮುಂದಿನ ಕೋಣೆ ದೊಡ್ಡಮ್ಮನ ರಾಜ್ಯ. ಫ್ರೇಮುಗಳು, ಗೋಡೆಗನ್ನಡಿ, ಗಿರಾಕಿಗಳೊಂದಿಗೆ ಮುಗಿಯದ ಮಾತು. ಹಿಂದಿನ ಕೋಣೆ ದೊಡ್ಡಪ್ಪನದು. ಅಲ್ಲಿ ಎರಡು ಉಜ್ಜುವ ಯಂತ್ರಗಳು, ಅವುಗಳ ಮೇಲೆ ಸದಾ ತೊಟ್ಟಿಕ್ಕುವ ನೀರು, ಗಾಜನ್ನು ಹಿಡಿಗೆ ಅಂಟಿಸಲು ಕಾಯಿಸುವ ಅರಗಿನ ವಾಸನೆ. ಹೊಳಪು ಕೊಡುವ ನಸುಗೆಂಪು ಪುಡಿ ಎಲ್ಲೆಲ್ಲೂ. ದೊಡ್ಡಪ್ಪನ ಉಗುರು, ಅಂಗಿಯ ತೋಳು, ಕಡೆಗೆ ಕಾಫಿ ಲೋಟದ ಹಿಡಿಗೂ ಅದೇ ಬಣ್ಣ. ಈಗಲೂ ಆ ಬಣ್ಣ ಎಲ್ಲಾದರೂ ಕಂಡರೆ ನನಗೆ ಕೆಲಸ ಮರೆತುಹೋಗುತ್ತದೆ.

ಆ ಕೋಣೆಗೆ ಒಂದು ಕಟ್ಟುಪಾಡು ಇತ್ತು. ಡಾಕ್ಟರು ಬರೆದ ಚೀಟಿಯನ್ನು ಓದುವವರು ಒಬ್ಬರೇ. ಚೀಟಿ ಓದಿದವರದ್ದೇ ಆ ಗಾಜು. ಸರಿಯಾದರೆ ಹೆಸರು ಅವರಿಗೆ, ಕೆಟ್ಟರೆ ಬೈಗುಳವೂ ಅವರಿಗೇ. ಉಜ್ಜುವವರು, ಅಂಚು ಕೊಯ್ಯುವವರು ಎಷ್ಟು ಜನವಿದ್ದರೂ ಅವರು ಬರೀ ಕೈ. ಚೀಟಿ ಓದುವವರು ಮಾಸ್ತರು. ನಲವತ್ತೊಂದು ವರ್ಷ ಅಲ್ಲಿ ಚೀಟಿ ಓದಿದವರು ದೊಡ್ಡಪ್ಪ. ಅಪ್ಪ ಅಲ್ಲೇ ಹನ್ನೆರಡು ವರ್ಷ ದುಡಿದರೂ ಒಂದು ಚೀಟಿ ಮುಟ್ಟಲಿಲ್ಲವಂತೆ. ಕಡೆಗೆ ಬೇಸತ್ತು ಬಸ್ ಡಿಪೋ ಸೇರಿದರು.

ಚೀಟಿಯಲ್ಲಿರುವುದು ಕಣ್ಣಿನ ನಂಬರು ಮಾತ್ರ. ಆ ನಂಬರಿಗೆ ಯಾವ ಗಾಜು ತೆಗೆದುಕೊಳ್ಳಬೇಕು, ಹಿಂಬದಿಯನ್ನು ಯಾವ ಅಚ್ಚಿನ ಮೇಲೆ ಉಜ್ಜಬೇಕು ಎನ್ನುವುದನ್ನು ದೊಡ್ಡಪ್ಪ ಬಾಯಲ್ಲೇ ಹೇಳಿಬಿಡುತ್ತಿದ್ದರು. ನನಗೆ ಆಗ ಇಪ್ಪತ್ತೊಂದು. ಪೈಥಾನ್ ಕಲಿಯುತ್ತಿದ್ದೆ, ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಈ ಲೆಕ್ಕವನ್ನು ಕಂಪ್ಯೂಟರ್ ಮಾಡುತ್ತದೆ ನೋಡಿ ಎಂದು ಜಂಬ ಕೊಚ್ಚಿಕೊಂಡೆ. ದೊಡ್ಡಮ್ಮ ಮೂಗು ಮುರಿದರು. ದೊಡ್ಡಪ್ಪ ಮಾತ್ರ ಕೈ ತೊಳೆದುಕೊಂಡು ಬಂದು, ಸ್ಟೂಲು ಎಳೆದು ಕಂಪ್ಯೂಟರಿನ ಮುಂದೆ ಕೂತರು. ಹೊಸದನ್ನು ಕಂಡರೆ ಅವರಿಗೆ ಮೊದಲಿನಿಂದಲೂ ಆಸೆ.

ಬಲಗಣ್ಣಿನ ನಂಬರೆಷ್ಟು ಎಂದು ಪ್ರೋಗ್ರಾಂ ಕೇಳಿತು. ಅವರು ಒಂದೇ ಬೆರಳಲ್ಲಿ ಇನ್ನೂರೈವತ್ತು ಎಂದು ಹೊಡೆದರು. ಗಾಜಿನವರು ಯಾರೂ ಚುಕ್ಕೆ ಹೇಳುವುದಿಲ್ಲ, ಬರೆಯುವುದೂ ಇಲ್ಲ. ಎರಡೂವರೆಗೆ ಅವರ ಬಾಯಲ್ಲಿ ಇನ್ನೂರೈವತ್ತು, ಮುಕ್ಕಾಲಿಗೆ ಎಪ್ಪತ್ತೈದು. ಅದು ಪಾಪದ ಪ್ರೋಗ್ರಾಂಗೆ ಹೇಗೆ ಗೊತ್ತಾಗಬೇಕು? ಇನ್ನೂರೈವತ್ತನ್ನು ಹಾಗೇ ನುಂಗಿ, ಭೂಮಿಯ ಮೇಲೆ ಯಾರೂ ಮಾಡಿರದ ಅಚ್ಚಿನ ನಂಬರನ್ನು ಗಂಭೀರವಾಗಿ ಹೇಳಿತು. ದೊಡ್ಡಪ್ಪ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಇಂಥ ನಂಬರಿನವನು ಗೋಡೆಯಾಚೆ ಏನಿದೆ ಅಂತ ನೋಡಬಹುದು ಎಂದು ವಾರವಿಡೀ ಬಂದವರಿಗೆಲ್ಲ ಹೇಳಿ ನಗಿಸಿದರು.

ನನಗೆ ಅವಮಾನವಾಯಿತು, ಛಲವೂ ಹುಟ್ಟಿತು. ಮೊದಲ ಇಫ್, ಅಂದರೆ ಷರತ್ತು, ಹಾಕಿದ್ದು ಆವತ್ತೇ. ನಂಬರು ಇಪ್ಪತ್ತಕ್ಕಿಂತ ದೊಡ್ಡದಿದ್ದರೆ ತೆಗೆದುಕೊಳ್ಳಬೇಡ, ಮತ್ತೆ ಕೇಳು. ಮಾರನೆಯ ದಿನ ದೊಡ್ಡಪ್ಪ ಏನೂ ಹೊಡೆಯದೆ ಎಂಟರ್ ಒತ್ತಿದರು. ಪ್ರೋಗ್ರಾಂ ಇಂಗ್ಲಿಷಿನಲ್ಲಿ ನಾಲ್ಕು ಸಾಲು ಕಿರುಚಿ ಸತ್ತುಬಿದ್ದಿತು. ಖಾಲಿ ಬಿಟ್ಟರೆ ಎಂದು ಇನ್ನೊಂದು ಇಫ್. ಹಳೆಯ ಟೈಪ್‌ರೈಟರ್ ಅಭ್ಯಾಸದಲ್ಲಿ ಸೊನ್ನೆಯ ಬದಲು ಓ ಅಕ್ಷರ ಹೊಡೆದರು. ಅದಕ್ಕೊಂದು. ಕಣ್ಣಿನ ನಂಬರು ಕಾಲು ಕಾಲಾಗಿ ಏರುತ್ತದೆ, ಎರಡು ಚುಕ್ಕೆ ಇಪ್ಪತ್ತು ಎಂಬ ನಂಬರೇ ಇಲ್ಲ. ಅದಕ್ಕೊಂದು. ಗಾಜನ್ನು ತಿರುಗಿಸಿ ಕೂರಿಸುವ ಕೋನ ನೂರ ಎಂಬತ್ತು ದಾಟಬಾರದು, ಅದಕ್ಕೊಂದು. ಅವರು ತಪ್ಪುತ್ತಿದ್ದರು, ನಾನು ಬೇಲಿ ಹಾಕುತ್ತಿದ್ದೆ. ಇಂಥ ಸುಖದ ದಿನಗಳು ನನಗೆ ಮತ್ತೆ ಬರಲಿಲ್ಲ. ದೊಡ್ಡ ದೊಡ್ಡ ಕಚೇರಿಗಳಲ್ಲಿ ಕೂತೂ ಬರಲಿಲ್ಲ.

ಪ್ರೋಗ್ರಾಂ ಬೈಯುವ ರೀತಿ ಮಾತ್ರ ದೊಡ್ಡಪ್ಪನಿಗೆ ಹಿಡಿಸಲಿಲ್ಲ. ತಪ್ಪು ಎಂದು ಒಂದು ಪದ ಬಿಸಾಕಿದರೆ ಯಾರಿಗೆ ಏನು ತಿಳಿಯುತ್ತದೆ, ಬೈಯುವುದಾದರೆ ಯಾಕೆ ಅಂತ ಹೇಳಿ ಬೈಯಲಿ ಎಂದರು. ಹಾಗಾಗಿ ನಮ್ಮ ಮಾತನ್ನೇ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದೆ. 'ದೊಡ್ಡಪ್ಪ, ಚುಕ್ಕೆ ಎಲ್ಲಿ?' 'ಕೋನ ಹಾಕದೆ ಎದ್ದು ಹೋಗಬೇಡಿ.' ಅದನ್ನು ಅಕ್ಷರ ಅಕ್ಷರ ಕೂಡಿಸಿ ಗಟ್ಟಿಯಾಗಿ ಓದಿ, ಹೌದಮ್ಮ ಹೌದು ಎಂದು ಪರದೆಗೇ ಉತ್ತರ ಕೊಡುತ್ತಿದ್ದರು. ಎರಡು ತಿಂಗಳಲ್ಲಿ ನನ್ನ ಕೋಡನ್ನೂ ಓದಲು ಕಲಿತರು. ಇಫ್ ಅಂದರೆ 'ಹಾಗಿದ್ದರೆ', ಎಲ್ಸ್ ಅಂದರೆ 'ಇಲ್ಲದಿದ್ದರೆ', ಇಷ್ಟೇ ತಾನೇ ಎಂದರು. ಇಷ್ಟೇ ಎಂದು ಒಪ್ಪಿಕೊಳ್ಳಲು ನನಗೆ ಕಷ್ಟವಾಯಿತು. ತಿಂಗಳುಗಟ್ಟಲೆ ಕಲಿತವಳು ನಾನು.

ಒಂದು ಸಂಗತಿಯನ್ನು ನಾನು ಆಗ ಗಮನಿಸಲಿಲ್ಲ. ಮೊದಲೆಲ್ಲ ಗಾಜು ತಯಾರಾದ ಮೇಲೆ ಅದನ್ನು ಅಳತೆಯಂತ್ರಕ್ಕಿಟ್ಟು, ಬಂದ ನಂಬರನ್ನು ದೊಡ್ಡಪ್ಪನೇ ಚೀಟಿಯೊಂದಿಗೆ ತಾಳೆ ನೋಡುತ್ತಿದ್ದರು. ಪ್ರೋಗ್ರಾಂ ಬಂದ ಮೇಲೆ ಆ ಕೆಲಸ ನನ್ನ ಪಾಲಿಗೆ ಬಂತು, ನಾನು ಪರದೆಯೊಂದಿಗೆ ತಾಳೆ ನೋಡತೊಡಗಿದೆ. ಚೀಟಿ ಮೊಳೆಗೆ ಚುಚ್ಚಿಕೊಂಡು ಸುಮ್ಮನೆ ಇರುತ್ತಿತ್ತು. ದೊಡ್ಡಪ್ಪ ಚೀಟಿಯನ್ನು ಕಿಟಕಿಯ ಬಳಿ ಒಯ್ದು ಓದುವುದೂ, ಎರಡು ಸಲ ಬಲ್ಬು ಬದಲಾಯಿಸಿದ್ದೂ, ಈ ಡಾಕ್ಟರ ಕೈಬರಹ ಕೋಳಿ ಕೆದರಿದ ಹಾಗಿದೆ ಎಂದು ಗೊಣಗುವುದೂ ಕಾಣುತ್ತಿತ್ತು. ಕಂಡರೂ ತಲೆಗೆ ಹೋಗಲಿಲ್ಲ. ಪರದೆಯ ಅಕ್ಷರ ದೊಡ್ಡದು ಮಾಡು ಎಂದಾಗ ಮಾಡಿಕೊಟ್ಟೆ, ಅಷ್ಟೇ.

ಒಂದು ಬೆಳಿಗ್ಗೆ ಹತ್ತಿರದ ಶಾಲೆಯ ಟೀಚರು ಬಂದರು. ನಾಲ್ಕು ದಿನದ ಹಿಂದೆ ನಮ್ಮಲ್ಲೇ ಕನ್ನಡಕ ಮಾಡಿಸಿದ್ದವರು. ಹಳೆಯದು ಒಡೆದುಹೋಗಿತ್ತು. ಹೊಸ ಗಾಜು, ಕಣ್ಣು ಒಗ್ಗಿಕೊಳ್ಳಬೇಕು ಎಂದುಕೊಂಡು ನಾಲ್ಕು ದಿನ ಹಾಕಿಕೊಂಡರಂತೆ. ಕಡೆಯ ಬೆಂಚಿನ ಮಕ್ಕಳ ಮುಖ ಕಾಣಲಿಲ್ಲ. ನಿನ್ನೆ ಮೆಟ್ಟಿಲು ತಪ್ಪಿ ಬಿದ್ದಿದ್ದರು. ಅಂಗೈಗೆ ಪಟ್ಟಿ ಕಟ್ಟಿತ್ತು. ಜಗಳಕ್ಕೆ ಬಂದವರಲ್ಲ, ನನ್ನ ಕಣ್ಣಲ್ಲೇ ಏನೋ ತೊಂದರೆಯಿರಬೇಕು ಎಂದು ಸಂಕೋಚದಿಂದಲೇ ಹೇಳಿದರು.

ನಾನು ಗಾಜು ಅಳೆದೆ. ಮೈನಸ್ ಮೂರೂವರೆ. ಪರದೆಯಲ್ಲೂ ಮೂರೂವರೆಯೇ ಇತ್ತು. ದೊಡ್ಡಪ್ಪ ಮೊಳೆಯಿಂದ ಚೀಟಿ ತೆಗೆದು, ಬಾಗಿಲ ಬೆಳಕಿಗೆ ಹಿಡಿದು, "ಮೂರೂವರೆ ಅಂತಾನೇ ಇದೆ" ಎಂದರು. ನಾನು ಅವರ ಭುಜದ ಮೇಲಿಂದ ಬಗ್ಗಿ ನೋಡಿದೆ. ಐದೂವರೆ ಎಂದಿತ್ತು. ಕೋಳಿ ಕೆದರಿದ ಹಾಗೇನೂ ಇರಲಿಲ್ಲ, ಮಗ್ಗಿ ಪುಸ್ತಕದಷ್ಟು ಚೊಕ್ಕವಾಗಿತ್ತು.

ಇಷ್ಟು ದಿನದ ಕಿಟಕಿ, ಬಲ್ಬು, ಗೊಣಗಾಟ ಎಲ್ಲ ಒಟ್ಟಿಗೆ ಅರ್ಥವಾಯಿತು. ಟೀಚರು ನನ್ನನ್ನೇ ನೋಡುತ್ತಿದ್ದರು, ದೊಡ್ಡಮ್ಮನೂ ನೋಡುತ್ತಿದ್ದರು. ಈಗ ಬಾಯಿಬಿಟ್ಟರೆ ನಲವತ್ತೊಂದು ವರ್ಷದ ಮಾಸ್ತರಿಕೆ ಗಿರಾಕಿಯ ಎದುರು ಬೀದಿಗೆ ಬೀಳುತ್ತಿತ್ತು.

"ಪ್ರೋಗ್ರಾಂ ತಪ್ಪು ತಗೊಂಡಿದೆ," ಎಂದೆ. "ನಾನು ಬರೆದದ್ದು. ನನ್ನದೇ ತಪ್ಪು."

ಟೀಚರು ನಿರಾಳವಾದರು. ಕಂಪ್ಯೂಟರಿನ ಹಣೆಬರಹವೇ ಇಷ್ಟು, ನಮ್ಮ ಶಾಲೆಯಲ್ಲೂ ಹೀಗೇ ಎಂದರು. ಅವರ ಗಾಜನ್ನು ಮಧ್ಯಾಹ್ನದೊಳಗೆ ಮಾಡಿಕೊಟ್ಟೆವು. ಐದೂವರೆಯನ್ನು ನಾನೇ ಟೈಪ್ ಮಾಡಿದೆ, ಏನೋ ಸರಿಪಡಿಸುವವಳ ಹಾಗೆ ನಟಿಸುತ್ತ. ದೊಡ್ಡಪ್ಪ ಉಜ್ಜಿದರು. ಆ ಗಾಜಿನಂಥ ಗಾಜನ್ನು ನಾನು ಕಂಡಿಲ್ಲ.

ಎರಡು ದಿನ ಅವರು ಯಂತ್ರದ ಹತ್ತಿರವೇ ಇದ್ದರು. ಬಂದ ಚೀಟಿಗಳನ್ನು ಓದದೆ ಮೊಳೆಗೆ ಚುಚ್ಚಿಟ್ಟರು. ಮೂರನೆಯ ದಿನ ಮಧ್ಯಾಹ್ನ, ದೊಡ್ಡಮ್ಮ ಮಲಗಿದ್ದ ಹೊತ್ತಿನಲ್ಲಿ, ನನ್ನನ್ನು ಕರೆದು ಕೋಡು ತೆರೆಯಲು ಹೇಳಿದರು. ಸ್ಟೂಲಿನ ಮೇಲೆ ಕೂತು, ಪರದೆಗೆ ಮೂಗು ತಾಗುವಷ್ಟು ಬಾಗಿ, ಸಾಲಿನ ಮೇಲೆ ಬೆರಳಿಟ್ಟು ಓದಿಕೊಂಡು ಹೋದರು. ಒಂದೊಂದು ಇಫ್‌ಗೂ ನಿಂತರು. ಕಡೆಯವರೆಗೂ ಓದಿದರು.

"ನಿನ್ನ ಪ್ರೋಗ್ರಾಂ ಏನೂ ತಪ್ಪು ಮಾಡಿಲ್ಲ," ಎಂದರು. "ಮೂರೂವರೆ ಕೊಟ್ರೂ ತಗೊಳ್ಳುತ್ತೆ, ಐದೂವರೆ ಕೊಟ್ರೂ ತಗೊಳ್ಳುತ್ತೆ. ಎರಡೂ ಇರೋ ನಂಬರೇ. ಚೀಟಿ ನೋಡಿದ್ದು ಅದಲ್ಲ, ನಾನು."

ನಾನು ಏನೇನೋ ಹೇಳಿದೆ. ನಂಬರನ್ನು ಎರಡು ಸಲ ಕೇಳೋಣ, ಎರಡೂ ಹೊಂದದಿದ್ದರೆ ಬೇಡ ಎನ್ನೋಣ ಎಂದೆ. ಎರಡು ಸಲ ಹೊಡೆದರೂ ನಾನು ಮೂರೇ ಹೊಡೆಯುತ್ತೇನೆ ಎಂದರು. ನಾನು ಪಕ್ಕದಲ್ಲಿ ನಿಂತು ಓದಿ ಹೇಳುತ್ತೇನೆ, ನೀವು ಟೈಪ್ ಮಾಡಿ, ಯಾರಿಗೂ ಗೊತ್ತಾಗುವುದಿಲ್ಲ ಎಂದೆ. ಅದಕ್ಕೆ ಅವರು ಆಸ್ಪತ್ರೆಯ ಸಂಗತಿ ಹೇಳಿದರು. ಮಳೆಗಾಲದ ಮೊದಲೇ ದೊಡ್ಡಾಸ್ಪತ್ರೆಗೆ ಒಬ್ಬರೇ ಹೋಗಿ ಬಂದಿದ್ದರಂತೆ. ಕಣ್ಣಿನ ಹಿಂದಿನ ಪರದೆ ನಡುವಲ್ಲೇ ಸವೆಯುತ್ತಿದೆ ಎಂದು ಅಲ್ಲಿನ ಡಾಕ್ಟರು ಹೇಳಿದ್ದರಂತೆ.

"ನನ್ನ ಕಣ್ಣಿಗೆ ಯಾವ ಗಾಜೂ ಆಗಲ್ಲ ಅಂದ್ರು," ಎಂದರು. ಅಂಗಡಿಯಲ್ಲಿ ಸ್ಟಾಕಿಲ್ಲ ಎನ್ನುವಷ್ಟೇ ಸಾದಾ ದನಿಯಲ್ಲಿ. ನನಗೆ ಅಳು ಬಂತು. ಅವರು ಅದನ್ನು ಕಾಣದವರಂತೆ ಕಂಪ್ಯೂಟರಿನ ಕಡೆ ತಿರುಗಿ, ಎಲ್ಲಕ್ಕಿಂತ ಮೇಲೆ, ಮೊದಲ ಪ್ರಶ್ನೆಗಿಂತ ಮುಂಚೆ ಒಂದು ಪ್ರಶ್ನೆ ಹಾಕು ಎಂದರು. ಟೈಪ್ ಮಾಡುತ್ತಿರುವುದು ಯಾರು ಎಂದು ಕೇಳಬೇಕು. ದೊಡ್ಡಪ್ಪ ಎಂದು ಬಂದರೆ ಅಲ್ಲಿಗೇ ನಿಲ್ಲಿಸಬೇಕು. ಬೇರೆಯವರಾದರೆ ಮುಂದಕ್ಕೆ ಬಿಡಬೇಕು. ಪರದೆಯ ಮೇಲೆ ಏನು ಬರಬೇಕು ಎನ್ನುವುದನ್ನೂ ಹೇಳಿ ಬರೆಸಿದರು: 'ಚೀಟಿ ಅವಳಿಗೆ ಕೊಡಿ.'

ಬೇಡ ಎಂದೆ. ಹಟ ಮಾಡಿದೆ. ಸ್ವಲ್ಪ ದಿನ ಕಳೆಯಲಿ ಎಂದೆ.

"ಆ ಟೀಚರಮ್ಮ ಬಿದ್ದಿದ್ದು ಮೆಟ್ಟಿಲ ಮೇಲೆ. ರಸ್ತೆ ದಾಟುವಾಗ ಆಗಿದ್ರೆ? ಬರಿ," ಎಂದರು.

ಎರಡೇ ಸಾಲು. ಅಷ್ಟು ಬರೆಯಲು ನನಗೆ ಅರ್ಧ ಗಂಟೆ ಹಿಡಿಯಿತು. ಬರೆದು ಓಡಿಸಿದೆ. ಯಾರು ಎಂದು ಪರದೆ ಕೇಳಿತು. ದೊಡ್ಡಪ್ಪ ಒಂದೇ ಬೆರಳಲ್ಲಿ, ತಡವರಿಸುತ್ತ, ಅಕ್ಷರಕ್ಕೆ ಅಕ್ಷರ ಕೂಡಿಸಿ ದೊಡ್ಡಪ್ಪ ಎಂದು ಹೊಡೆದರು. ಎಂಟರ್ ಒತ್ತುವ ಮುಂಚೆ ಅವರ ಹೆಬ್ಬೆರಳು ಸ್ಪೇಸ್ ಪಟ್ಟಿಗೆ ತಾಗಿದ್ದನ್ನು ನಾನು ನೋಡಿದೆ.

'ಬಲಗಣ್ಣಿನ ನಂಬರು?' ಎಂದು ಪ್ರೋಗ್ರಾಂ ಕೇಳಿತು.

ಹೆಸರಿನ ಹಿಂದೆ ಒಂದು ಖಾಲಿ ಜಾಗ ಸೇರಿದ್ದರಿಂದ ಅದಕ್ಕೆ ದೊಡ್ಡಪ್ಪ ಯಾರೋ ಬೇರೆಯವರಾಗಿ ಕಂಡಿದ್ದರು. ಹೊಸದಾಗಿ ಕಲಿತವರೆಲ್ಲ ಮಾಡುವ ತಪ್ಪು, ನಾನೂ ಮಾಡಿದ್ದೆ. ದೇವರಾಣೆ, ನನಗೆ ಖುಷಿಯಾಯಿತು. ಪರದೆಯ ಮೇಲೆ ಆ ಪ್ರಶ್ನೆ ಮಿಟುಕುತ್ತ ಅವರಿಗಾಗಿ ಕಾಯುತ್ತಿತ್ತು. ಅವರೂ ಅದನ್ನೇ ನೋಡುತ್ತ ಕೂತರು. ಬೆರಳು ಅಂಕಿಗಳ ಸಾಲಿನ ಮೇಲೆ ಹೋಗಿ ನಿಂತಿತು. ಮೊಳೆಯಲ್ಲಿ ಎರಡು ದಿನದ ಚೀಟಿಗಳಿದ್ದವು. ಒಂದು ಮಾತು ಆಡದೆ ಮುಂದುವರಿದಿದ್ದರೆ ನಾನು ಜನ್ಮದಲ್ಲಿ ಯಾರಿಗೂ ಹೇಳುತ್ತಿರಲಿಲ್ಲ. ಅದು ಅವರಿಗೂ ಗೊತ್ತಿತ್ತು ಎಂದೇ ನನ್ನ ನಂಬಿಕೆ.

ಬಹಳ ಹೊತ್ತಾದ ಮೇಲೆ ಕೈ ಹಿಂದಕ್ಕೆ ತೆಗೆದುಕೊಂಡರು.

"ಒಳಗೆ ಬಿಟ್ಟುಬಿಡ್ತಲ್ಲೇ ಮಗಳೇ," ಎಂದರು. "ಇದನ್ನೂ ಮುಚ್ಚು."

ಮುಚ್ಚಿದೆ. ಹೆಸರಿನ ಹಿಂದುಮುಂದಿನ ಖಾಲಿ ಜಾಗ ಕಿತ್ತುಹಾಕಿ, ದೊಡ್ಡಕ್ಷರ ಚಿಕ್ಕಕ್ಷರ ಎಲ್ಲ ಒಂದೇ ಎಂದು ಬರೆದೆ. ಅವರು ಮತ್ತೆ ಹೊಡೆದರು. ಈ ಸಲ ಬೇಕೆಂದೇ ಸ್ಪೇಸ್ ಒತ್ತಿದರು, ಎರಡು ಸಲ. ಪರದೆಯ ಮೇಲೆ ಬಂದದ್ದನ್ನು ಎಂದಿನಂತೆ ಗಟ್ಟಿಯಾಗಿ ಓದಿದರು. ಪ್ರೋಗ್ರಾಂ ನಿಂತಿತು.

ಸ್ಟೂಲಿನಿಂದ ಎದ್ದು, ಕೂರು ಎಂದು ಕೈ ತೋರಿಸಿದರು. ಮೊಳೆಯಿಂದ ಚೀಟಿಗಳನ್ನು ಬಿಡಿಸಿ ಒಂದೊಂದಾಗಿ ನನ್ನ ಮುಂದಿಟ್ಟರು. ಆಮೇಲೆ ಯಂತ್ರದ ಬಳಿ ಹೋಗಿ, ನೀರಿನ ನಲ್ಲಿ ತಿರುಗಿಸಿ, ನನ್ನ ಕಡೆ ಮುಖ ಮಾಡಿ ನಿಂತರು.

"ಯಾವ ಅಚ್ಚು?" ಎಂದು ಕೇಳಿದರು.