ಕಾಯುವ ಕಣಜ

ಹೊರ್ತಿ ಶಾಲೆಯ ವಿಜ್ಞಾನ ಶಿಕ್ಷಕಿ ಸಂಪದಾ ಭಾನುವಾರ ಬೆಳಗಿನಿಂದ ಹುಲಿಗೆವ್ವನ ನಿಂಬೆ ತೋಟದಲ್ಲಿ ಕ್ಯಾಮೆರಾ ಹಿಡಿದು ಬೋರಲು ಬಿದ್ದಿದ್ದಳು. ನೆಲಕ್ಕೆ ಬಾಗಿದ ಟೊಂಗೆಯಲ್ಲಿ ಒಂದು ಹಸಿರು ಹುಳು ಸೊಂಟಕ್ಕೆ ರೇಷ್ಮೆ ಎಳೆ ಸುತ್ತಿಕೊಂಡು ಆತುಕೊಂಡಿತ್ತು. ಅದರ ಬೆನ್ನ ಮೇಲೆ ಎಳ್ಳಿನಷ್ಟು ಸಣ್ಣ ಕಣಜ. ಹುಳು ಚರ್ಮ ಕಳಚಿ ಕೋಶವಾಗುವುದನ್ನೇ ಅದು ಕಾಯುತ್ತಿತ್ತು. ಕೋಶ ಮೆತ್ತಗಿರುವಾಗಲೇ ಚುಚ್ಚಿ ಮೊಟ್ಟೆ ಇಡಬೇಕು. ಗಟ್ಟಿಯಾದರೆ ಕೆಲಸ ಕೆಟ್ಟಂತೆ.

ಕಣಜ ಹೀಗೆ ಕಾಯುವುದನ್ನು ಕಂಡೆ ಎಂದಾಗ, ಕೃಷಿ ಕಾಲೇಜಿನಲ್ಲಿ ಕೀಟಶಾಸ್ತ್ರ ಕಲಿಸುವ ಅಣ್ಣ ಸುಶ್ರುತ ನಕ್ಕಿದ್ದ: "ನಮ್ಮ ಕಡೆ ಯಾರೂ ನೋಡಿಲ್ಲ. ಫೋಟೊ ತೋರಸು, ಆಮ್ಯಾಲ ಮಾತಾಡೂಣು." ಹಿಂದೆ ಎರಡು ಸಲ ಅವಳ ಉಸಿರಿಗೇ ಎಲೆ ಅಲುಗಿ ಚಿತ್ರ ಮಸುಕಾಗಿತ್ತು. ಈಗ ಅವಳು ಉಸಿರನ್ನೂ ಅಳೆದು ಬಿಡುತ್ತಿದ್ದಳು.

"ಅಕ್ಕೋರ, ಚಾ ತಂದೇನ್ರಿ," ಎನ್ನುತ್ತ ಹುಲಿಗೆವ್ವ ಬಂದಳು.

ಹುಲಿಗೆವ್ವ ಇನ್ನಷ್ಟು ಹತ್ತಿರ ಬಂದು ಬಗ್ಗಿ ನೋಡಿದಳು.

"ಅಕ್ಕೋರ! ಜೀವ ಐತಿಲ್ಲೋ?"

ಸಂಪದಾ ಕಣ್ಣು ಸಹ ಮಿಟುಕಿಸಲಿಲ್ಲ.

"ಗಾಳಿ ಬಡದೈತಿ," ಎಂದು ಹುಲಿಗೆವ್ವ ತೀರ್ಮಾನಿಸಿ, ಚಹಾ ಕೆಳಗಿಟ್ಟು, ನಿವಾಳಿಸಲೆಂದು ಒಂದು ನಿಂಬೆಹಣ್ಣು ಜಗ್ಗಿದಳು. ಇಡೀ ತೋಟದಲ್ಲಿ ಅವಳ ಕೈಗೆ ಸಿಕ್ಕದ್ದು ಅದೇ ಟೊಂಗೆಯ ಹಣ್ಣು.

ಟೊಂಗೆ ಬಾಗಿ ಚಿಮ್ಮಿತು.

"ಯವ್ವಾ, ಬಿಡ್ರಿ!" ಸಂಪದಾ ಕಿರುಚಿದಳು.

"ಮಾತು ಬಂತು ನೋಡ್ರಿ! ಇನ್ನಾ ನಿವಾಳಿಸೇ ಇಲ್ಲ, ಓಡೇ ಹೋತು!"

ಸಂಪದಾ ಕ್ಯಾಮೆರಾದಲ್ಲಿ ಹುಡುಕಿದಳು. ಕಣಜ ಬಿಗಿಯಾಗಿ ಅಂಟಿಕೊಂಡು ಅಲ್ಲೇ ಇತ್ತು. ಹುಳುವಿನ ತಲೆಯ ಹಿಂದೆ ಚರ್ಮ ಬಿರಿಯತೊಡಗಿತ್ತು. ಟೊಂಗೆ ಮಾತ್ರ ಇನ್ನೂ ತೂಗುತ್ತಿತ್ತು.

"ಟೊಂಗಿ ಹಿಡೀರಿ! ಅಲ್ಲಾಡಬ್ಯಾಡ್ರಿ, ಮಾತಾಡಬ್ಯಾಡ್ರಿ!"

ಹುಲಿಗೆವ್ವ ಎರಡೂ ಕೈಯಿಂದ ಹಿಡಿದಳು. ಮುಳ್ಳು ಚುಚ್ಚಿತು, ತುಟಿ ಕಚ್ಚಿಕೊಂಡು ನಿಂತಳು. ಹುಳುವಿನ ಚರ್ಮ ಜಾರಿ ಬಿತ್ತು. ಕಣಜ ಹಸಿ ಕೋಶದ ಮೇಲೆ ಹೆಜ್ಜೆಯಿಟ್ಟು, ಹೊಟ್ಟೆಯ ತುದಿ ಬಾಗಿಸಿ, ಕೂದಲೆಳೆಯಂಥ ಕೊಂಡಿಯನ್ನು ಒಳಗಿಳಿಸಿತು.

ಕ್ಲಿಕ್.

ಪರದೆಯ ಮೇಲೆ ಎಲ್ಲವೂ ಸ್ಪಷ್ಟ. ಸಂಪದಾ ಅಲ್ಲಿಂದಲೇ ಚಿತ್ರ ಕಳಿಸಿದಳು. ಸುಶ್ರುತನಿಂದ ಬಂದದ್ದು ಒಂದೇ ಶಬ್ದ: "ಖರೇನ!"

ಹುಲಿಗೆವ್ವ ಅಂಗೈಯ ಮುಳ್ಳು ಕೀಳುತ್ತ ಇಣುಕಿದಳು. "ಮುಂದೇನಾಕ್ಕೈತ್ರಿ?"

"ಈ ಕಣಜ ತತ್ತಿ ಇಡಾಕ ಮುಂಜಾನಿಂದ ಕಾಕೋತ ಕುಂತಿತ್ರಿ. ಇದರ ಮರಿ ಒಳಗಿಂದ ಕೋಶ ತಿಂತಾವ. ನಿಮ್ಮ ಎಲಿ ತಿನ್ನೂ ಹುಳದ ಚಿಟ್ಟಿ ಹುಟ್ಟಂಗಿಲ್ಲ."

ಹುಲಿಗೆವ್ವ ಬದುವಿನತ್ತ ನೋಡಿದಳು. ಹುಳಕ್ಕೆ ಔಷಧ ಹೊಡೆಯುವ ಪಂಪು ಪಕ್ಕಕ್ಕಿಟ್ಟು ಗಂಡ ಭೀಮಶ್ಯಾ ಚಹಾದ ದಾರಿ ಕಾಯುತ್ತಿದ್ದ.

"ನಮ್ಮ ಮನಿಯಾಂವನೂ ಮುಂಜಾನಿಂದ ಹಿಂಗ ಕುಂತಾನ್ರಿ," ಎಂದಳು. "ಕೆಲಸ ಮಾತ್ರ ಇದೊಂದ ಮಾಡ್ತು."