ಹೊರಗೆ ಕೂತವನ ಟಿಕೆಟ್

ನನ್ನ ಬಾಯಿ ಜೋರು. ಸೋಫಾ ಕಾರ್ಖಾನೆಯಲ್ಲಿ ಹೊಲಿಗೆ ಯಂತ್ರದ ಸದ್ದಿನ ಮೇಲೆ ಕೂಗಿ ಕೂಗಿ ಹೀಗಾಗಿದೆ. ಬಟ್ಟೆ ಓರೆಯಾಗಿ ಕತ್ತರಿಸಿದರೆ ಗಂಡ ಅಂತಲೂ ನೋಡುವುದಿಲ್ಲ, ಬೈದೇ ಬೈಯುತ್ತೇನೆ. ಎದುರಿಗೆ 'ರೀ' ಅನ್ನುತ್ತೇನೆ, ಅಷ್ಟೇ ಮರ್ಯಾದೆ. ಇಂಥ ಬಾಯಿ ಬೇಕಾದ ಹೊತ್ತಿನಲ್ಲಿ ಬೀಗ ಹಾಕಿಕೊಂಡು ಕೂತಿತಲ್ಲ, ಅದನ್ನು ನೆನೆದರೆ ಈಗಲೂ ನನಗೆ ಯಾರ ಮುಖವನ್ನೂ ನೋಡಲು ಆಗುವುದಿಲ್ಲ.

ಕಾರ್ಖಾನೆ ಅಂದರೆ ದೊಡ್ಡದೇನಲ್ಲ, ಒಂದು ಉದ್ದನೆಯ ಶೆಡ್ಡು. ಬಾಗಿಲ ಹತ್ತಿರ ನನ್ನ ಗಂಡ ಬಟ್ಟೆ ಕತ್ತರಿಸುವ ಮೇಜು, ಅದರ ಹಿಂದೆ ನನ್ನ ಯಂತ್ರ, ಮೂಲೆಯಲ್ಲಿ ಮರಕ್ಕೆ ಬಣ್ಣ ಬಳಿಯುವ ಪಾಲಿಷ್. ಅವನ ಕೆಲಸವೇ ಅವನ ಹೆಸರಾಗಿಬಿಟ್ಟಿದೆ. ಚೌಕಟ್ಟಿಗೆ ಸ್ಪ್ರಿಂಗು ಕಟ್ಟುವವನು ನನ್ನ ಒಡಹುಟ್ಟಿದ ಅಣ್ಣ. ಸ್ಪಂಜಿನ ಹಾಳೆಗಳನ್ನು ಪೇರಿಸಿಟ್ಟ ಅಟ್ಟದ ಅಂಚಿನಲ್ಲಿ ಒಂದು ಟಿವಿ. ನಾವು ನಾಲ್ವರೂ ಫುಟ್‌ಬಾಲ್ ಹುಚ್ಚರು.

ನನಗೆ ಹುಚ್ಚು ಹಿಡಿಸಿದವನೇ ಅಣ್ಣ. ಚಿಕ್ಕವಳಿದ್ದಾಗ ಮೈದಾನದ ಬೇಲಿಯ ಹೊರಗೆ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ನಿಲ್ಲುತ್ತಿದ್ದ. ಅವನಿಗೆ ಮುಂದಿನವರ ಬೆನ್ನು ಬಿಟ್ಟು ಏನೂ ಕಾಣುತ್ತಿರಲಿಲ್ಲ. ನಾನು ಮೇಲಿನಿಂದ ನೋಡಿ ಹೇಳಬೇಕು, ಅವನು ಕೆಳಗಿನಿಂದ ಕೇಳಬೇಕು. ಗದ್ದಲ ಎದ್ದರೆ ಸಾಕು, ನನ್ನ ಕಾಲು ಜಗ್ಗಿ, "ನಮ್ದಾ, ಅವರ್ದಾ?" ಎಂದು ಕೇಳುತ್ತಿದ್ದ. ವಾಪಸ್ಸು ಬರುವಾಗ, "ಚಪ್ಪಲಿ ಎಳೀಬೇಡ ಪುಟ್ಟಿ, ನೀನು ಬರೋದು ಬೀದಿ ತುದೀಲೇ ಗೊತ್ತಾಗುತ್ತೆ" ಎಂದು ರೇಗಿಸುತ್ತಿದ್ದ. ಬಲಗಾಲಿನ ಚಪ್ಪಲಿ ಎಳೆಯುವ ಚಾಳಿ ನನಗಿನ್ನೂ ಹೋಗಿಲ್ಲ.

ಇಂಥ ಅಣ್ಣನಿಗೆ ನಾವಿಟ್ಟ ಅಡ್ಡಹೆಸರು ಕಾಲ್ಗುಣ.

ಶುರುವಾದದ್ದು ತಮಾಷೆಗೆ. ಒಂದು ದಿನ ನಮ್ಮ ತಂಡ ಗೆಲ್ಲುತ್ತಿತ್ತು. ಅಣ್ಣ ಯಾರದೋ ಮನೆಗೆ ಸೋಫಾ ಮುಟ್ಟಿಸಿ ಬಂದವನು ಒಳಗೆ ಕಾಲಿಟ್ಟು, "ಎಷ್ಟಾಯ್ತು?" ಅಂದ. ಅಷ್ಟರಲ್ಲಿ ಎದುರಾಳಿ ಗೋಲು ಹೊಡೆದ. "ಏನ್ ಕಾಲ್ಗುಣ ಭಾವ ನಿಂದು!" ಎಂದು ನನ್ನ ಗಂಡ ನಕ್ಕ. ಮುಂದಿನ ಪಂದ್ಯದಲ್ಲೂ ಹಾಗೇ ಆಯಿತು. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಎಂದು ಬಿಡಬೇಕಿತ್ತು. ಬಿಡಲಿಲ್ಲ. ಅದರ ಮುಂದಿನ ಸಲ ಅವನನ್ನು ಹೊರಗೆ ಕೂರಿಸಿ ನೋಡಿದೆವು. ನಮ್ಮ ತಂಡ ಗೆದ್ದುಬಿಟ್ಟಿತು, ಹಾಳಾಗಿ ಹೋಗಲಿ. ಅಲ್ಲಿಂದಾಚೆ ಅದೇ ಕಾನೂನಾಯಿತು.

ಪಂದ್ಯವಿದ್ದ ದಿನ ಅಣ್ಣ ತಾನಾಗಿಯೇ ಏಳುತ್ತಿದ್ದ. ಬಟ್ಟೆ ಹೊದಿಸದ ಒಂದು ಸ್ಟೂಲು ಎತ್ತಿಕೊಂಡು ಹೋಗಿ, ಬಾಗಿಲಿಗೆ ಬೆನ್ನು ಮಾಡಿ, ಬರೀ ಸ್ಪ್ರಿಂಗಿನ ಮೇಲೆ ಕೂರುತ್ತಿದ್ದ. ಒಳಗೆ ಕೂಗು ಎದ್ದರೆ ತಿರುಗದೆಯೇ, "ನಮ್ದಾ, ಅವರ್ದಾ?" ಎನ್ನುತ್ತಿದ್ದ. ಒಂದು ದಿನವೂ ಬೇಸರ ಮಾಡಿಕೊಂಡವನಲ್ಲ. "ತಂಡ ಗೆದ್ರೆ ಸಾಕಪ್ಪ, ನಾನು ನೋಡಿದ್ರೇನು ಬಿಟ್ರೇನು" ಎನ್ನುತ್ತಿದ್ದ. ಪಾಪ, ಅವನೂ ನಂಬಿಬಿಟ್ಟಿದ್ದ. ವರ್ಷಗಳಿಂದ ತನ್ನ ತಂಡದ ಆಟವನ್ನು ಅವನು ಬರೀ ಕಿವಿಯಿಂದ ನೋಡಿದ್ದಾನೆ.

ಈ ಸಲ ನಮ್ಮ ತಂಡ ಕಡಲಾಚೆ ನಡೆಯುವ ದೊಡ್ಡ ಟೂರ್ನಿಗೆ ಆಯ್ಕೆಯಾಯಿತು. ನಮ್ಮ ಜನ್ಮದಲ್ಲಿ ಇದೇ ಮೊದಲು. ಏನಾದರಾಗಲಿ ಹೋಗಲೇಬೇಕು ಎಂದುಕೊಂಡೆವು. ಅಣ್ಣ ತಾನೂ ಬರುತ್ತೇನೆ ಎಂದಾಗ ನನ್ನ ಗಂಡ ಕತ್ತರಿ ಕೆಳಗಿಟ್ಟ.

"ನೀನು ಬಂದು ಏನ್ ಮಾಡ್ತೀಯ ಭಾವ?"

"ಸ್ಟೇಡಿಯಂ ಹೊರಗೆ ಕೂತ್ಕೋತೀನಿ. ಅಲ್ಲಿ ಸದ್ದು ಇನ್ನೂ ಚೆನ್ನಾಗಿ ಕೇಳುತ್ತೆ."

ಪಾಲಿಷ್ ಬಿದ್ದು ಬಿದ್ದು ನಕ್ಕ. ನಾನೂ ನಕ್ಕೆ.

ಟಿಕೆಟ್ ಸಿಗುವುದೆಂದರೆ ಹುಲಿಯ ಹಾಲು ಕರೆದಷ್ಟು ಸುಲಭ. ಮೊದಲು ಅರ್ಜಿ ಹಾಕಿ ಅದೃಷ್ಟ ನೋಡುವ ಸುತ್ತು. ಮೂವರಿಗೂ 'ಕ್ಷಮಿಸಿ' ಎಂದು ಉತ್ತರ ಬಂತು. ಎರಡನೇ ಸುತ್ತಿನಲ್ಲೂ ಕ್ಷಮಿಸಿ. ಕ್ಷಮಿಸಿ ಕ್ಷಮಿಸಿ ಸಾಕಾಯಿತು. ಉಳಿದದ್ದು ಕೊನೆಯ ಮಾರಾಟ, ಯಾರು ಮೊದಲು ಒತ್ತುತ್ತಾರೋ ಅವರಿಗೆ.

ಆ ಮಧ್ಯಾಹ್ನ ಯಂತ್ರ ನಿಲ್ಲಿಸಿ ಮೂವರೂ ಮೇಜಿನ ಸುತ್ತ ಫೋನು ಹಿಡಿದು ನಿಂತೆವು. ಅಣ್ಣನನ್ನು ಹೊರಗೆ ಕಳಿಸಿದ್ದೆವು. ಟಿಕೆಟ್ಟಿಗೂ ಅವನ ಕಾಲ್ಗುಣ ತಾಗಬಾರದು ನೋಡಿ. ಫೋನಿನೊಳಗೆ ಒಂದು ಪುಟ್ಟ ಗೊಂಬೆ ಗೆರೆಯ ಮೇಲೆ ನಡೆಯುತ್ತಿತ್ತು. ಅದು ಆ ತುದಿ ಮುಟ್ಟಿದರೆ ನಮ್ಮ ಸರದಿ. ನನ್ನ ಗೊಂಬೆ ಅರ್ಧ ದಾರಿಯಲ್ಲಿ ಮುಷ್ಕರ ಹೂಡಿತು. ಪಾಲಿಷ್‌ನ ಬೆರಳಿಗೆಲ್ಲ ಅರಗು ಮೆತ್ತಿಕೊಂಡು ಫೋನು ಅವನ ಮಾತೇ ಕೇಳಲಿಲ್ಲ, ಮೂಗಿನ ತುದಿಯಿಂದ ಒತ್ತುತ್ತಿದ್ದ. ನನ್ನ ಗಂಡನ ಗೊಂಬೆ ಮಾತ್ರ ತುದಿ ಮುಟ್ಟಿತು. ಆಗ ಫೋನು, ನೀವು ಮನುಷ್ಯರೆಂದು ಸಾಬೀತುಪಡಿಸಿ, ಬಸ್ಸುಗಳಿರುವ ಚಿತ್ರಗಳನ್ನು ಆರಿಸಿ ಎಂದಿತು. ಈ ಮಹಾನುಭಾವ ಲಾರಿಯನ್ನೂ ಒತ್ತಿದ.

"ಅದು ಲಾರಿ ಕಣ್ರೀ! ಬಸ್ಸಿಗೂ ಲಾರಿಗೂ ವ್ಯತ್ಯಾಸ ಗೊತ್ತಾಗಲ್ವಾ ನಿಮಗೆ?"

"ಅದ್ರಲ್ಲಿ ಜನ ಕೂತಿದ್ರು ಕಣೇ!"

ನನ್ನ ಗಂಡ ಮನುಷ್ಯನಲ್ಲ ಎಂದು ಫೋನು ತೀರ್ಮಾನಿಸಿತು. ಅವನ ಗೊಂಬೆ ಮತ್ತೆ ಸಾಲಿನ ಕೊನೆಗೆ ಹೋಯಿತು.

ನಾನು ಇನ್ನೂ ಬೈಯುತ್ತಿರುವಾಗಲೇ ಬಾಗಿಲಲ್ಲಿ ಅಣ್ಣ ಕಾಣಿಸಿಕೊಂಡ. "ಪುಟ್ಟಿ, ಹೊರಗೆ ಸುಮ್ನೆ ಕೂತಿದ್ದೆ, ನಾನೂ ಒಂದ್ಸಲ ಒತ್ತಿ ನೋಡ್ದೆ. ಇದೇನೋ ಹಸಿರು ಬಂದಿದೆ. ಎಷ್ಟು ಜನ ಅಂತ ಕೇಳ್ತಿದೆ."

"ಹೋದೆಯಾ ಪಿಶಾಚಿ ಅಂದ್ರೆ ಬಂದೆ ಗವಾಕ್ಷೀಲಿ..." ಎಂದು ಶುರು ಮಾಡಿದ ನನ್ನ ಗಂಡ, ಫೋನು ನೋಡಿದವನೇ ಬಾಯಿ ಮುಚ್ಚಿ ಅದನ್ನು ಕಸಿದುಕೊಂಡ. ಒಬ್ಬರ ಖಾತೆಯಲ್ಲಿ ನಾಲ್ಕು ಟಿಕೆಟ್. ಮೊದಲ ಹೆಸರು ಅಣ್ಣನದು, ಅದನ್ನು ಅಳಿಸಲು ಬರುತ್ತಿರಲಿಲ್ಲ. ಕೆಳಗೆ ನಮ್ಮ ಮೂವರ ಹೆಸರು ತುಂಬಿದೆವು. ಶೆಡ್ಡಿನ ತಗಡು ಹಾರಿಹೋಗುವ ಹಾಗೆ ಕೂಗಿದೆವು. ಆಮೇಲೆ ನಿಯಮ ಓದಿದರೆ ಟಿಕೆಟ್ ಬೇರೆಯವರಿಗೆ ಕೊಡುವಂತಿಲ್ಲ, ಕೊಂಡವನೇ ಮೊದಲು ಗೇಟು ದಾಟಬೇಕು, ಉಳಿದವರು ಅವನ ಹಿಂದೆ.

ಇವನ ಕಾಲ್ಗುಣ ಅಷ್ಟು ಕೆಟ್ಟದ್ದಾಗಿದ್ದರೆ ಟಿಕೆಟ್ ಇವನಿಗೇ ಹೇಗೆ ಸಿಕ್ಕಿತು? ಈ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಪಾಲಿಷ್, "ಇದ್ದ ಅದೃಷ್ಟ ಎಲ್ಲ ಇಲ್ಲೇ ಖರ್ಚಾಯ್ತು ಬಿಡು, ಪಂದ್ಯಕ್ಕೇನೂ ಉಳಿದಿಲ್ಲ" ಅಂದ. ಎಲ್ಲರೂ ನಕ್ಕರು. ಅಣ್ಣನೂ ನಕ್ಕ.

"ಹೆದರ್ಕೋಬೇಡಿ. ನಿಮ್ಮನ್ನ ಗೇಟು ದಾಟಿಸಿ ನಾನು ಮೆಟ್ಲು ಕೆಳಗೆ ಕೂತ್ಕೋತೀನಿ" ಎಂದ. ಹಾಗೆ ಹೇಳುತ್ತಲೇ ಫೋನಿನಲ್ಲಿ ತನ್ನ ಸೀಟಿನ ಗುರುತನ್ನು ಬೆರಳಲ್ಲಿ ಸವರಿದ.

ಹೊರಡುವ ವಾರ ಸ್ಪ್ರಿಂಗು ಕಟ್ಟುತ್ತಾ ಅವನೇ ಕೇಳಿದ. "ಪುಟ್ಟಿ, ಹುಲ್ಲು ನಿಜವಾಗ್ಲೂ ಟಿವೀಲಿ ಕಾಣೋಷ್ಟು ಹಸಿರಾಗಿರುತ್ತಾ?"

"ಹೋದಾಗ ನೋಡೋಣ" ಅಂದೆ. ಅವನಿಗೆ ನೋಡುವ ಆಸೆಯಿದೆ. ಬಾಯಿಬಿಟ್ಟು ಕೇಳುವವನಲ್ಲ. ಯಾರಾದರೂ ಒಬ್ಬರು 'ಬಾ' ಅಂದರೆ ಬರುತ್ತಾನೆ. ಆ ಒಬ್ಬರು ನಾನೇ ಆಗಬೇಕು, ಗಂಡ ಏನೇ ಕುಣಿದಾಡಲಿ, ಕೈ ಹಿಡಿದು ಕರೆದುಕೊಂಡು ಹೋಗಿ ಪಕ್ಕದಲ್ಲಿ ಕೂರಿಸಿಕೊಳ್ಳುತ್ತೇನೆ ಎಂದು ಗಟ್ಟಿ ಮಾಡಿಕೊಂಡೆ.

ಪಂದ್ಯದ ದಿನ ಅಣ್ಣ ಇಸ್ತ್ರಿ ಮಾಡಿದ ತಂಡದ ಅಂಗಿ ಹಾಕಿಕೊಂಡಿದ್ದ. ಗೇಟಿನಲ್ಲಿ ಅವನ ಫೋನು ತೋರಿಸಿದಾಗ ಹಸಿರು ದೀಪ ಹತ್ತಿತು. ಅವನ ಬೆನ್ನ ಹಿಂದೆ ನಾವು ಒಬ್ಬೊಬ್ಬರೇ ಒಳಗೆ ಹೋದೆವು. ಕಾವಲಿನವನು ಅವನಿಗೇ ಮೊದಲು ಕೈಮಾಡಿ ಮೆಟ್ಟಿಲು ತೋರಿಸಿದ. ಮೇಲೆ ಹತ್ತಿದರೆ ಮೈದಾನ. ಅಣ್ಣ ಮೊದಲ ಮೆಟ್ಟಿಲ ಹತ್ತಿರ ನಿಂತ.

"ಹೋಗಿ ಹೋಗಿ, ಶುರುವಾಗುತ್ತೆ."

ಆಗಲೇ ಕರೆಯಬೇಕಿತ್ತು. ಜನ ನೂಕುತ್ತಿದ್ದರು, ಗಂಡ ಮುಂದೆ ಓಡಿದ, ಸ್ವಲ್ಪ ಹೊತ್ತು ಬಿಟ್ಟು ಕರೆದರಾಯಿತು ಎಂದುಕೊಂಡೆ.

ಹುಲ್ಲು ಟಿವಿಯಲ್ಲಿ ಕಾಣುವುದಕ್ಕಿಂತಲೂ ಹಸಿರಾಗಿತ್ತು. ಆಟ ಶುರುವಾಯಿತು, ನಾನು ಎಲ್ಲ ಮರೆತೆ. ಸುಳ್ಳು ಯಾಕೆ ಹೇಳಲಿ, ಕಿರುಚಿದೆ, ಕುಣಿದೆ, ರೆಫರಿಯ ವಂಶವನ್ನೆಲ್ಲ ಜಾಲಾಡಿದೆ. ಎರಡೂ ಕಡೆ ಗೋಲಿಲ್ಲ. ಮುಗಿಯಲು ಇನ್ನೇನು ಸ್ವಲ್ಪ ಹೊತ್ತಿದೆ ಎನ್ನುವಾಗ, ಆಚೆ ಕೂತಿದ್ದ ಆ ಊರಿನ ಮುದುಕರೊಬ್ಬರು ನನ್ನ ಪಕ್ಕದ ಖಾಲಿ ಸೀಟು ತೋರಿಸಿ, ಚೀಲ ಇಡಲೇ ಎಂದು ಸನ್ನೆ ಮಾಡಿದರು. ನನ್ನ ಗಂಡ ಮೈದಾನದಿಂದ ಕಣ್ಣು ಕೀಳದೆ, ಯಾರೂ ಇಲ್ಲ ಎಂದು ಕೈಯಾಡಿಸಿದ. ಅಣ್ಣನ ಸೀಟಿನ ಮೇಲೆ ಚೀಲ ಬಂದು ಕೂತಿತು.

ನನಗೆ ಕೂರಲಾಗಲಿಲ್ಲ, ಎದ್ದೆ. "ಎಲ್ಲಿಗೇ ಈಗ?" ಎಂದು ಗಂಡ ಗದರಿದ್ದು ಕೇಳಿಸಿತು. ಮೆಟ್ಟಿಲಿಳಿದು ಹೋದೆ.

ಅಣ್ಣ ಮೆಟ್ಟಿಲ ಕೆಳಗೆ ಗೋಡೆಗೆ ಮುಖ ಮಾಡಿ ನೆಲದ ಮೇಲೆ ಕೂತಿದ್ದ. ಅವನಿಂದ ನಾಲ್ಕು ಹೆಜ್ಜೆಯಾಚೆ ಕಂಬಕ್ಕೊಂದು ಟಿವಿ ನೇತುಹಾಕಿದ್ದರು. ಅದರಲ್ಲಿ ನಮ್ಮದೇ ಪಂದ್ಯ. ಅದಕ್ಕೂ ಬೆನ್ನು ಮಾಡಿದ್ದ. ಸಾಲದ್ದಕ್ಕೆ, ಪಕ್ಕದಿಂದ ಬಗ್ಗಿ ನೋಡಿದರೆ ಕಣ್ಣು ಬೇರೆ ಮುಚ್ಚಿಕೊಂಡಿದ್ದ. ನಾನು ಅವನ ಬೆನ್ನ ಹಿಂದೆ ನಿಂತೆ. 'ಬಾರೋ ಅಣ್ಣ' ಎನ್ನಲು ಬಾಯಿ ತೆರೆದೆ.

ಅಷ್ಟರಲ್ಲಿ ಮೇಲಿನಿಂದ ದೊಡ್ಡ ಗದ್ದಲ ಎದ್ದಿತು. ಟಿವಿಯಲ್ಲಿ ಚೆಂಡು ನಮ್ಮ ಗೋಲಿನ ಹತ್ತಿರ ಬಂದಿತ್ತು. ಆಗ ನನ್ನ ಹಾಳು ಮನಸ್ಸು ಏನೆಂದಿತು ಗೊತ್ತೇ? ಇಷ್ಟು ಹೊತ್ತು ಸರಿಯಾಗಿದೆ, ಈಗ ಇವನನ್ನು ಕರೆದು ಏನಾದರೂ ಆದರೆ? ಆಟ ಮುಗಿದ ಮೇಲೆ ಕರೆದುಕೊಂಡು ಹೋಗಿ ಹುಲ್ಲು ತೋರಿಸಿದರಾಯಿತು.

ಸದ್ದಿಲ್ಲದೆ ತಿರುಗಿ ಮೆಟ್ಟಿಲು ಹತ್ತಿದೆ. ಅರ್ಧಕ್ಕೆ ಬರುವಷ್ಟರಲ್ಲಿ ಸ್ಟೇಡಿಯಮ್ಮೇ ಕುಸಿದ ಹಾಗೆ ಕೂಗು. ಓಡಿಹೋಗಿ ನೋಡಿದರೆ ನನ್ನ ಗಂಡ ತಲೆಯ ಮೇಲೆ ಕೈ ಹೊತ್ತು ಕೂತಿದ್ದ. ಗೋಲು ಅವರದು. ನಾವು ಸೋತೆವು.

ಕೆಳಗೆ ಇಳಿದಾಗ ಅಣ್ಣ ಎದ್ದು ನಿಂತಿದ್ದ. ನಮ್ಮ ಮುಖ ನೋಡಿಯೂ ಕೇಳಿದ. "ನಮ್ದಾ, ಅವರ್ದಾ?"

ನನ್ನ ಗಂಡ ಅವನನ್ನು ದುರುಗುಟ್ಟಿ ನೋಡಿ, ಏನೋ ಹೊಳೆದವನ ಹಾಗೆ ನನ್ನ ಕಡೆ ತಿರುಗಿದ.

"ಇವಳೇ! ಎಲ್ಲ ಸರಿಯಾಗಿತ್ತು, ಇವಳು ಎದ್ದು ಹೋದ್ಲು, ಗೋಲು ಬಿತ್ತು. ಕೂತ ಜಾಗ ಬಿಟ್ಟು ಏಳ್ತಾರೇನೇ?"

"ಹೌದಕ್ಕಾ," ಪಾಲಿಷ್ ಹೇಳಿದ, "ನೀವು ಎದ್ದಿದ್ದೇ ತಡ. ಅಣ್ಣನ ಗುಣ ತಂಗಿಗೂ ಬಂತಾ ಹೆಂಗೆ?"

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಆಡಲಾರದ ತಂಡಕ್ಕೆ ನಾನು ಡೊಂಕು ನೆಲವಾದೆ. ಇಬ್ಬರಿಗೂ ನೀರಿಳಿಸಬಹುದಿತ್ತು. ಆದರೆ ಅವರ ನೋಟ ನನ್ನ ಮೈಮೇಲೆ ಬಿದ್ದ ಕೂಡಲೇ ನನಗೆ ಹೊಳೆದದ್ದು ಒಂದೇ. ಇನ್ನು ಮುಂದೆ ಆ ಸ್ಪ್ರಿಂಗಿನ ಸ್ಟೂಲು ನನಗೆ. ಬಾಗಿಲಾಚೆ, ಬೆನ್ನು ತಿರುಗಿಸಿ, ನಾನು. ಹೆದರಿಬಿಟ್ಟೆ.

"ಅವಳನ್ಯಾಕೆ ಬೈತೀರಾ?" ಅಣ್ಣ ನಡುವೆ ಬಂದ. "ನಾನು ನೋಡ್ಬಿಟ್ಟೆ. ಅಲ್ಲಿ ಟಿವಿ ಇತ್ತು, ತಡೆಯೋಕಾಗ್ಲಿಲ್ಲ. ಒಂದೇ ಒಂದ್ಸಲ ತಿರುಗಿದೆ. ತಪ್ಪಾಯ್ತು ಕಣ್ರಪ್ಪಾ."

ನನ್ನ ಗಂಡ ಉಸಿರು ಬಿಟ್ಟ. "ಅದೇ ಅಂದ್ಕೊಂಡೆ! ನಂಗೊತ್ತಿತ್ತು!" ಅವನಿಗೆ ಸೋಲಿನ ದುಃಖವೇ ಅರ್ಧ ಇಳಿದ ಹಾಗಿತ್ತು. ಪಾಲಿಷ್ ಚ್ಚ್ ಎಂದು ತಲೆಯಾಡಿಸಿದ.

ಅಣ್ಣ ತಿರುಗಿರಲಿಲ್ಲ. ಅವನ ಬೆನ್ನ ಹಿಂದೆ ನಿಂತು ಕಣ್ಣಾರೆ ಕಂಡವಳು ನಾನು. ಅದನ್ನು ಹೇಳಲು ಒಂದು ಮಾತು ಸಾಕಿತ್ತು. ಆ ಒಂದು ಮಾತು ನನ್ನ ಬಾಯಿಂದ ಹೊರಡಲಿಲ್ಲ. ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ನನ್ನ ಬಾಯಿ ಮಾತ್ರ ಬಿಡಲಿಲ್ಲ. ಹುಲ್ಲು ತೋರಿಸುವುದೂ ಆಗಲಿಲ್ಲ, ಅಷ್ಟರಲ್ಲಿ ಮೆಟ್ಟಿಲಿಗೆ ಅಡ್ಡ ಹಗ್ಗ ಕಟ್ಟಿ ಎಲ್ಲರನ್ನೂ ಹೊರಗೆ ಕಳಿಸುತ್ತಿದ್ದರು.

ನಿಲ್ದಾಣದ ದಾರಿಯಲ್ಲಿ ಅವರಿಬ್ಬರೂ ಮುಂದೆ, ಅಣ್ಣ ನಾನು ಹಿಂದೆ. ಬಹಳ ದೂರ ನಡೆದ ಮೇಲೆ ಕೇಳಿದೆ.

"ಯಾಕೋ ಸುಳ್ಳು ಹೇಳ್ದೆ? ನೀನು ನೋಡ್ಲಿಲ್ಲ."

"ನಂಗೆ ಅಭ್ಯಾಸ ಆಗಿದೆ ಬಿಡು. ಹೊರಗೆ ಕೂರೋದು ನಿನ್ ಕೈಲಾಗಲ್ಲ ಪುಟ್ಟಿ." ಆಮೇಲೆ ನನ್ನ ಕಡೆ ನೋಡದೆ ಹೇಳಿದ. "ನೀನು ಬಂದಿದ್ದು ಗೊತ್ತಾಯ್ತು. ಚಪ್ಪಲಿ ಎಳೀತೀಯಲ್ಲ. ಕರೀತೀಯೇನೋ ಅಂದ್ಕೊಂಡೆ."

ಉಳಿದ ದಾರಿಯುದ್ದಕ್ಕೂ ನಾನು ಬಲಗಾಲನ್ನು ಎತ್ತಿ ಎತ್ತಿ ಇಟ್ಟು ನಡೆದೆ.